ಗೆಳೆಯನಿಗೊಂದು ಪತ್ರ: ಕತ್ತಿಗೆ ಹತ್ತಿದ ತಾಮ್ರ

ಪ್ರೀತಿಯ ಗೆಳೆಯಾ,

ಮಗಳನ್ನು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಸೇರಿಸಲೋ, ಸುಮ್ನೆ ಟ್ಯೂಷನ್ನಿಗೆ ಕಳಿಸಲೋ ಎಂದು ಕೇಳಿದ್ದೀಯ. ಸಮಾವೇಶಕ್ಕೇ ಕಳಿಸು ಮಾರಾಯ.

1993ರಿಂದ ದೇಶದ ಮಟ್ಟದಲ್ಲಿ ನಡೆಯುತ್ತಿರುವ ಸಮಾವೇಶ ಇದು. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ಅಳೆದು, ಬರೆದು, ಎಲ್ಲರ ಮುಂದೆ ಹೇಳಬೇಕು. ಅಂಗಡಿಯಿಂದ ತಂದ ಥರ್ಮಕೋಲ್ ಮಾದರಿ ಇಲ್ಲಿ ನಡೆಯುವುದಿಲ್ಲ.

ನಮ್ಮ ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಅಡಿಕೆ ತೋಟದ ಮನೆಯವಳು. 'ಔಷಧಿ ಹೊಡೆಸಿದರೂ ಕಾಯಿ ಉದುರಿಸುವ ಕೊಳೆರೋಗ ಬರುತ್ತಲ್ಲ, ಯಾಕೆ ಸರ್?' ಎಂದಳು. ಔಷಧಿ ಮಾಡುವುದನ್ನೇ ಮೊದಲು ನೋಡು ಎಂದೆ. ಆ ಔಷಧಿ, ಅಂದರೆ ಬೋರ್ಡೋ ದ್ರಾವಣದ ಲೆಕ್ಕ ನಿನಗೂ ಗೊತ್ತಲ್ಲ: ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅದರಲ್ಲಿ ಅವಳು ಉಜ್ಜಿ ತೊಳೆದ ಕತ್ತಿ ಅದ್ದಿದಳು. ತೆಗೆದಾಗ ಅಲಗಿಗೆ ಕೆಂಪಗೆ ತಾಮ್ರ ಹತ್ತಿತ್ತು. ಹಾಗೆ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಚೀಲ ಬಿಚ್ಚಿಟ್ಟ ಹಳೇ ಸುಣ್ಣ ಗಾಳಿ ತಾಗಿ ಶಕ್ತಿ ಕಳೆದುಕೊಂಡಿತ್ತು. ಆಗ ತಾಮ್ರ ನೀರಿನಲ್ಲಿ ಕರಗಿಯೇ ಉಳಿಯುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಆಮೇಲೆ ಅವಳು ಕತ್ತಿ ಹಿಡಿದು ಅಕ್ಕಪಕ್ಕದ ತೋಟಗಳಿಗೆಲ್ಲ ಹೋದಳು!

ಸಮಾವೇಶದ ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರೊಬ್ಬರು ಕೇಳಿದರು: 'ಮಳೆ ಜಾಸ್ತಿಯಾಗಿಯೂ ಕಾಯಿ ಉದುರಿರಬಹುದು. ಸುಣ್ಣವೇ ಕಾರಣ ಅಂತ ಹೇಗೆ ಹೇಳ್ತೀಯಮ್ಮ?' ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಇನ್ನೂ ಗೊತ್ತಿಲ್ಲ ಸರ್. ಮುಂದಿನ ಮಳೆಗಾಲ ಒಂದೇ ತೋಟದಲ್ಲಿ ಒಂದು ಸಾಲಿಗೆ ಹೊಸ ಸುಣ್ಣ, ಒಂದು ಸಾಲಿಗೆ ಹಳೇದು ಹಾಕಿ ನೋಡಬೇಕು' ಎಂದಳು. ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಆದರೆ ಆ ಮಾತಿಗೆ ನನ್ನ ಕಣ್ಣು ತುಂಬಿತು. ಈಗ ಅವಳು ಸಸ್ಯರೋಗ ಶಾಸ್ತ್ರ ಓದುತ್ತಿದ್ದಾಳೆ.

ನಮ್ಮ ಮಕ್ಕಳಿಗೆ ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ದಾರಿ ಕಾಣುವುದೇ ಕಡಿಮೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಆಗುಂಬೆಯಲ್ಲಿ ಕಾಳಿಂಗ ಸರ್ಪಕ್ಕೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಅದರ ಓಡಾಟ ಓದಿದವರಿದ್ದಾರೆ. ಇಂಥ ಕೆಲಸವೂ ಇದೆ, ಅದಕ್ಕೆ ಸಂಬಳವೂ ಬರುತ್ತದೆ ಅಂತ ಮಗುವಿಗೆ ಗೊತ್ತಾಗಬೇಕಲ್ವಾ? ಇಸ್ರೋ 2019ರಿಂದ ಒಂಬತ್ತನೇ ತರಗತಿಯವರಿಗೆ 'ಯುವಿಕಾ' ಎಂಬ ಬಾಹ್ಯಾಕಾಶ ವಿಜ್ಞಾನದ ಶಿಬಿರ ನಡೆಸುತ್ತಿದೆ, ಮುಂದೆ ಅದಕ್ಕೂ ಅರ್ಜಿ ಹಾಕಿಸು.

ನನಗಿರುವ ಬೇಸರ ಒಂದೇ. ಎಷ್ಟೋ ಮನೆಗಳಲ್ಲಿ ಪ್ರಾಜೆಕ್ಟ್ ಬರೆಯುವವರು ಅಪ್ಪ ಅಮ್ಮ. ನೀನು ಹಾಗೆ ಮಾಡಬೇಡ. ಮಳೆಗಾಲದಲ್ಲಿ ತುಂಗೆ ಯಾಕೆ ಕೆಂಪಾಗುತ್ತಾಳೆ ಎಂದು ನಿನ್ನ ಮಗಳು ಕೇಳಿದ್ದಳಂತಲ್ಲ, ಅದನ್ನೇ ಹಿಡಿಯಲಿ. ಮಂಡಗದ್ದೆಯಲ್ಲಿ ಒಂದು ಬಾಟಲಿ ನೀರು ತುಂಬಿಕೊಳ್ಳಲಿ, ಶಿವಮೊಗ್ಗದಲ್ಲಿ ಇನ್ನೊಂದು. ಸೋಸಿ, ಒಣಗಿಸಿ, ಮಣ್ಣು ತೂಗಲಿ. ನಡುವೆ ಗಾಜನೂರು ಅಣೆಕಟ್ಟೆ ಇದೆ ಅನ್ನುವುದನ್ನು ನೀನಾಗಿ ಹೇಳಬೇಡ, ಅವಳಿಗೇ ಹೊಳೆಯಲಿ. ನದಿಗೆ ಇಳಿಯುವಾಗ ಮಾತ್ರ ಜೊತೆಗಿರು. ಸಣ್ಣ ತೂಕದ ತಕ್ಕಡಿ ನಮ್ಮ ಶಾಲೆಯಲ್ಲಿದೆ, ಮುಂದಿನ ಭಾನುವಾರ ತಂದುಕೊಡುತ್ತೇನೆ.

ನಿನ್ನ ಗೆಳೆಯ