ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೆ, ಅವರ ಆಟಗಾರರಿಗೆ

ಪ್ರೀತಿಯ ನಿಮಗೆಲ್ಲ,

ಮೊನ್ನೆ ಮಂಗಳವಾರ ನನ್ನ ಎರಡು ವರ್ಷದ ತಪಾಸಣೆ ಆಯಿತು. ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ, "ಏನೂ ಇಲ್ಲ, ಎಲ್ಲ ಚೆನ್ನಾಗಿದೆ" ಅಂದರು. ಪಾರ್ಕಿಂಗ್‌ಗೆ ಬಂದು ಕಾರಿನಲ್ಲಿ ಕೂತು ಮೊದಲು ಮಂಡ್ಯಕ್ಕೆ, ಅಮ್ಮನಿಗೆ ಫೋನ್ ಮಾಡಿದೆ. ಆಮೇಲೆ ಪಕ್ಕದ ಮನೆಯ ಅಜ್ಜನಿಗೆ. ಅವರಿಬ್ಬರು ಆದ ಮೇಲೆ ಯಾರ್‍ಯಾರಿಗೆ ಹೇಳಬೇಕು ಅಂತ ಎಣಿಸುತ್ತಾ ಹೋದರೆ ಪಟ್ಟಿ ಮುಗಿಯಲೇ ಇಲ್ಲ. ಅದಕ್ಕೇ ಈ ಪತ್ರ. ಕನ್ನಡ ಬರದವರಿಗೆ ನನ್ನ ಮಗಳು ಓದಿ ಹೇಳುತ್ತಾಳೆ.

2023ರ ನವೆಂಬರ್‌ನಲ್ಲಿ ನನಗೆ ಕೀಮೋ ಶುರುವಾಯಿತು. ಮೂರು ವಾರಕ್ಕೊಂದರಂತೆ ಆರು ಸಲ. ಯಜಮಾನರಿಗೆ ಆಗ ತಾನೇ ಹೊಸ ಕೆಲಸ, ಜಾಸ್ತಿ ರಜೆ ಇರಲಿಲ್ಲ. ಅಮ್ಮನ ವೀಸಾ ಆಗಲಿಲ್ಲ. ನಾವಿದ್ದದ್ದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ, ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಯಾರನ್ನು ಕೇಳುವುದು ಅನ್ನುವುದೇ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ನೀವೇ ನಿಮ್ಮ ನಿಮ್ಮಲ್ಲಿ ಮಾತಾಡಿಕೊಂಡು ದಿನ ಹಂಚಿಕೊಂಡಿರಿ.

ಕಾರು ಹತ್ತಿದ ಪ್ರತಿಯೊಬ್ಬರಿಗೂ ನಾನು ಒಂದೇ ಮಾತು ಹೇಳುತ್ತಿದ್ದೆ. ಕಾಯಿಲೆ ವಿಷಯ ಬೇಡ, ಬೇರೆ ಏನಾದರೂ ಹೇಳಿ. ಅಜ್ಜ ಆ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆಯ ಮೇಲಿನ ಕೆಂಪು ಟೋಪಿ ಸರಿಮಾಡಿಕೊಂಡು, "ಹಾಗಾದರೆ ಡೇವಿಡ್ ಥಾಂಪ್ಸನ್ ವಿಷಯ ಹೇಳುತ್ತೇನೆ" ಅಂದರು.

ನಾನು ಸ್ಕೂಲಲ್ಲಿ ಥ್ರೋಬಾಲ್ ಆಡಿದವಳು. ಬ್ಯಾಸ್ಕೆಟ್‌ಬಾಲ್ ಅಂದರೆ ಎತ್ತರದವರ ಆಟ ಅನ್ನುವುದಷ್ಟೇ ಗೊತ್ತಿತ್ತು. ಆದರೆ ಅಜ್ಜ ರಾಲಿಯ ಎನ್‌ಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದವರು. ಥಾಂಪ್ಸನ್ ಅಲ್ಲಿ ಆಡುತ್ತಿದ್ದ ವರ್ಷಗಳಲ್ಲೇ ಇವರೂ ಅಲ್ಲಿದ್ದರು. ಇದೇ ರಾಜ್ಯದ ಶೆಲ್ಬಿ ಕಡೆಯ ಹುಡುಗ, 44ನೇ ನಂಬರಿನ ಅಂಗಿ, ಆರಡಿ ನಾಲ್ಕಿಂಚು ಎತ್ತರ. ಆ ಕಾಲದಲ್ಲಿ ಕಾಲೇಜು ಆಟದಲ್ಲಿ ಡಂಕ್ ಮಾಡುವ ಹಾಗಿರಲಿಲ್ಲ. ಚೆಂಡನ್ನು ರಿಂಗಿನೊಳಗೆ ಬಡಿದರೆ ಫೌಲ್. ಅದಕ್ಕೇ ಐದಡಿ ಏಳಿಂಚಿನ ಮಾಂಟಿ ಟೋ ಚೆಂಡನ್ನು ರಿಂಗಿನ ಹತ್ತಿರಕ್ಕೆ ಮೇಲಕ್ಕೆ ಎಸೆಯುತ್ತಿದ್ದ. ಥಾಂಪ್ಸನ್ ನೆಗೆದು ಗಾಳಿಯಲ್ಲೇ ಹಿಡಿದು, ಮೊಟ್ಟೆ ಇಟ್ಟ ಹಾಗೆ ಮೆಲ್ಲಗೆ ಒಳಗೆ ಬಿಡುತ್ತಿದ್ದ. ಇದನ್ನು ಹೇಳುವಾಗ ಅಜ್ಜ ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ತೋರಿಸುತ್ತಿದ್ದರು. ನನಗೆ ಸ್ವಲ್ಪ ಭಯ ಆಗುತ್ತಿತ್ತು.

1974ರ ಮಾರ್ಚ್. ರೆನಾಲ್ಡ್ಸ್ ಕೊಲಿಸಿಯಂನಲ್ಲಿ ಪಿಟ್ಸ್‌ಬರ್ಗ್ ಜೊತೆ ಆಟ. ಥಾಂಪ್ಸನ್ ಮೇಲಕ್ಕೆ ಹಾರಿದಾಗ ತನ್ನದೇ ಟೀಮಿನವನ ಭುಜಕ್ಕೆ ಕಾಲು ತಾಗಿ, ತಲೆ ಕೆಳಗಾಗಿ ನೆಲಕ್ಕೆ ಬಿದ್ದ. ಅಷ್ಟು ಜನ ಇದ್ದ ಕಟ್ಟಡದಲ್ಲಿ ಒಂದು ಸದ್ದಿಲ್ಲ. ಅಜ್ಜ ಮೇಲಿನ ಸಾಲಿನಲ್ಲಿ ನಿಂತಿದ್ದರಂತೆ. "ಸತ್ತೇ ಹೋದ ಅಂದುಕೊಂಡೆವು" ಅಂದರು. ಎಚ್ಚರ ತಪ್ಪಿದ್ದವನನ್ನು ಆಸ್ಪತ್ರೆಗೆ ಸಾಗಿಸಿದರು. ಆಟ ಹೇಗೋ ಮುಂದುವರಿಯಿತು. ಅದು ಮುಗಿಯುವ ಮೊದಲೇ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಥಾಂಪ್ಸನ್ ವಾಪಸ್ ಬಂದ. ಬೆಂಚಿನ ಮೇಲೆ ಬಂದು ಕೂತ, ಅಷ್ಟೇ. ಇಡೀ ಜನ ಅಳುತ್ತಾ ಎದ್ದು ನಿಂತಿತಂತೆ. ಮುಂದಿನ ವಾರ ಏಳು ವರ್ಷ ಸತತವಾಗಿ ಚಾಂಪಿಯನ್ ಆಗಿದ್ದ ಕ್ಯಾಲಿಫೋರ್ನಿಯಾದ ಯುಸಿಎಲ್ಎ ಟೀಮನ್ನು ಎರಡು ಓವರ್‌ಟೈಮ್ ಆಡಿ 80-77ರಲ್ಲಿ ಸೋಲಿಸಿದರು. ಆಮೇಲೆ ಫೈನಲ್ ಕೂಡ ಗೆದ್ದರು. ಆದರೆ ಅಜ್ಜನ ಬಾಯಲ್ಲಿ ಗೆದ್ದ ಕತೆಗಿಂತ ಬಿಳಿ ಪಟ್ಟಿಯ ಕತೆಯೇ ದೊಡ್ಡದು. ಐವತ್ತು ವರ್ಷದ ಮೇಲೂ ಅದನ್ನು ಹೇಳುವಾಗ ಅವರ ಗಂಟಲು ಕಟ್ಟುತ್ತಿತ್ತು.

ಎರಡನೇ ಕೀಮೋ ಮುಗಿಸಿ ಬರುವಾಗ ಅಜ್ಜ ದಾರಿ ಬಿಟ್ಟು ಯೂನಿವರ್ಸಿಟಿ ಕಡೆ ತಿರುಗಿಸಿದರು. ರೆನಾಲ್ಡ್ಸ್ ಹೊರಗಡೆ ಥಾಂಪ್ಸನ್ ಪ್ರತಿಮೆ ಇಟ್ಟು ಒಂದು ವಾರ ಆಗಿತ್ತಷ್ಟೇ. ನೆಗೆದ ಭಂಗಿಯಲ್ಲೇ ನಿಲ್ಲಿಸಿದ್ದಾರೆ. ನನಗೆ ಇಳಿಯುವ ಶಕ್ತಿ ಇರಲಿಲ್ಲ, ಕಿಟಕಿ ಇಳಿಸಿ ನೋಡಿದೆ. ನನ್ನ ತಲೆಗೂ ಆ ಹೊತ್ತಿಗೆ ಬಟ್ಟೆ ಸುತ್ತಿತ್ತು. ಅಜ್ಜ ಏನೂ ಹೇಳಲಿಲ್ಲ. ಅವತ್ತು ಅವರು ಏನೂ ಹೇಳದೆ ಇದ್ದದ್ದಕ್ಕೆ ಇವತ್ತು ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಆಮೇಲೆ ನಾನೇ ಕೇಳಲು ಶುರುಮಾಡಿದೆ. ಯಾರೇ ಬರಲಿ, ಸೀಟ್ ಬೆಲ್ಟ್ ಹಾಕಿಕೊಂಡ ಕೂಡಲೇ, "ಎನ್‌ಸಿ ಸ್ಟೇಟ್‌ನಲ್ಲಿ ನಿಮ್ಮ ಆಟಗಾರ ಯಾರು?" ಒಬ್ಬರಾದರೂ "ನನಗೆ ಯಾರೂ ಇಲ್ಲ" ಅನ್ನಲಿಲ್ಲ. ಈ ಊರಿನ ಜನ ಹಾಗೇ. ನಮ್ಮ ಕಡೆ ಊರದೇವರು ಇದ್ದ ಹಾಗೆ ಇಲ್ಲಿ ಒಬ್ಬೊಬ್ಬರಿಗೂ ಒಬ್ಬ ಆಟಗಾರ.

ಜನವರಿಯಲ್ಲಿ ಬಂದವರು ಅಜ್ಜನ ಚರ್ಚಿನವರು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ನನ್ನ ಮಗಳು ಅವರನ್ನು ಬಸ್ಸಿನಮ್ಮ ಅಂತಲೇ ಕರೆಯುವುದು. ಬಸ್ಸಿನಮ್ಮನ ಆಟಗಾರ ಲೊರೆಂಜೊ ಚಾರ್ಲ್ಸ್. 1983ರ ಏಪ್ರಿಲ್ 4ರಂದು ಫೈನಲ್‌ನಲ್ಲಿ ಹ್ಯೂಸ್ಟನ್ ಎದುರು ಗೆಲ್ಲುತ್ತಾರೆ ಅಂತ ಯಾರೂ ನಂಬಿರಲಿಲ್ಲವಂತೆ. ಆ ಕಡೆ ಆಮೇಲೆ ದೊಡ್ಡ ಹೆಸರು ಮಾಡಿದ ಒಲಾಜುವನ್, ಡ್ರೆಕ್ಸ್ಲರ್. ಕೊನೆಯ ಗಳಿಗೆಯಲ್ಲಿ 52-52. ಡೆರೆಕ್ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗಿಗೂ ತಾಗಲಿಲ್ಲ. ಕೆಳಗೆ ನಿಂತಿದ್ದ ಚಾರ್ಲ್ಸ್ ಅದನ್ನು ಹಿಡಿದು ಡಂಕ್ ಮಾಡಿದ. ಆಟ ಮುಗಿಯಿತು, 54-52. ಕೋಚ್ ಜಿಮ್ ವಾಲ್ವಾನೊ ಯಾರನ್ನಾದರೂ ಅಪ್ಪಿಕೊಳ್ಳಬೇಕು ಅಂತ ಕೋರ್ಟಿನ ತುಂಬಾ ಓಡಾಡಿದ್ದು ಇಲ್ಲಿ ಮಕ್ಕಳಿಗೂ ಗೊತ್ತು.

ಆದರೆ ಬಸ್ಸಿನಮ್ಮನಿಗೆ ಚಾರ್ಲ್ಸ್ ಇಷ್ಟ ಆದದ್ದು ಆ ಡಂಕ್‌ನಿಂದ ಅಲ್ಲ. ಆಡುವುದನ್ನು ನಿಲ್ಲಿಸಿದ ಮೇಲೆ ಆತ ರಾಲಿಯಲ್ಲೇ ಉಳಿದು ಬಾಡಿಗೆ ಬಸ್ ಓಡಿಸಿದ. ಕಾಲೇಜು ಟೀಮುಗಳನ್ನೂ ಕೂರಿಸಿಕೊಂಡು ಹೋಗುತ್ತಿದ್ದ. "ನನ್ನ ಥರಾನೇ ಬೆಳಿಗ್ಗೆ ಎದ್ದು ಟೈರ್ ನೋಡಿ, ಕನ್ನಡಿ ನೋಡಿ, ಬಸ್ ಹತ್ತುತ್ತಿದ್ದ" ಅಂದರು ಬಸ್ಸಿನಮ್ಮ. 2011ರ ಜೂನ್‌ನಲ್ಲಿ ಇಂಟರ್‌ಸ್ಟೇಟ್ 40ರಲ್ಲಿ ಅವನ ಬಸ್ ರಸ್ತೆ ಬಿಟ್ಟು ಹೋಗಿ ಅಪಘಾತ ಆಯಿತು. ಒಳಗೆ ಅವನೊಬ್ಬನೇ. ವಯಸ್ಸು 47. ಬಸ್ಸಿನಮ್ಮ ಇದನ್ನು ಹೇಳಿದಾಗ ನಾವು ಅದೇ ರಸ್ತೆಯಲ್ಲಿದ್ದೆವು. ಕಾಯಿಲೆ ಮಾತು ಬೇಡ ಅಂದಿದ್ದೆ, ಸಾವಿನ ಮಾತು ಬೇಡ ಅಂದಿರಲಿಲ್ಲ. ಆದರೂ ನನಗೆ ಬೇಸರ ಆಗಲಿಲ್ಲ. ಅವರು ತಮ್ಮವನೊಬ್ಬನ ನೆನಪನ್ನು ನನ್ನ ಜೊತೆ ಹಂಚಿಕೊಂಡರು ಅನ್ನಿಸಿತು. ಬಸ್ಸಿನಮ್ಮ, ನೀವು ನನ್ನನ್ನು ಮಗು ಥರ ನೋಡಲಿಲ್ಲ. ಅದು ನನಗೆ ತುಂಬಾ ಬೇಕಾಗಿತ್ತು.

ವಾಲ್ವಾನೊ ಬಗ್ಗೆ ಒಂದು ಮಾತು ಹೇಳಲೇಬೇಕು. "ಬಿಟ್ಟುಕೊಡಬೇಡಿ, ಯಾವತ್ತೂ ಬಿಟ್ಟುಕೊಡಬೇಡಿ" ಅನ್ನುವ ಆತನ ಮಾತನ್ನು ನನಗೆ ಎಷ್ಟೋ ಜನ ಕಳಿಸಿದರು. 1993ರ ಮಾರ್ಚ್ 4ರಂದು ಮೈತುಂಬ ಕ್ಯಾನ್ಸರ್ ಇಟ್ಟುಕೊಂಡು ವೇದಿಕೆ ಹತ್ತಿ ಆತ ಹೇಳಿದ ಮಾತದು. ಏಪ್ರಿಲ್ 28ಕ್ಕೆ ಆತ ಇರಲಿಲ್ಲ. ಮೊದಮೊದಲು ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಬಿಟ್ಟುಕೊಡದವರೂ ಹೋಗುತ್ತಾರಲ್ಲ ಅಂತ. ಆಮೇಲೆ ಪೂರ್ತಿ ಭಾಷಣ ನೋಡಿದೆ. ಅವತ್ತೇ ಆತ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸಂಸ್ಥೆಯನ್ನು ಘೋಷಿಸಿದ್ದ. ಆ ಹಣದಿಂದ ತನ್ನ ಜೀವ ಉಳಿಯದೇ ಇರಬಹುದು, ಮಕ್ಕಳ ಕಾಲಕ್ಕೆ ಆಗಬಹುದು ಅಂದಿದ್ದ. ಆ ಸಂಸ್ಥೆ ನಮ್ಮ ಕ್ಯಾರಿಯಲ್ಲೇ ಇದೆ. ನನ್ನ ರಕ್ತದೊಳಗೆ ಹೋದ ಔಷಧಿಗಳ ಹಿಂದೆ ಇಂಥ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಅವರಿಗೂ ಈ ಪತ್ರ ಸೇರಲಿ.

ಮೈಸೂರಿನ ಅಕ್ಕ, ನೀವು ಆಟಗಾರರನ್ನು ಬಿಟ್ಟು ಕೋಚ್ ಹೆಸರು ಹೇಳಿದಿರಿ. ಕೇ ಯೌ, ಹೆಣ್ಣುಮಕ್ಕಳ ಟೀಮಿನ ಕೋಚ್. 1987ರಲ್ಲಿ ಅವರಿಗೂ ನನ್ನದೇ ಕಾಯಿಲೆ, ಸ್ತನ ಕ್ಯಾನ್ಸರ್. ಮರುವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೀಮಿಗೆ ಚಿನ್ನ ಗೆಲ್ಲಿಸಿಕೊಟ್ಟರು. ನೀವು ಕತೆಯನ್ನು ಅಲ್ಲಿಗೇ ನಿಲ್ಲಿಸಿದಿರಿ. ಯಾಕೆ ನಿಲ್ಲಿಸಿದಿರಿ ಅಂತ ಮನೆಗೆ ಬಂದು ಹುಡುಕಿದಾಗ ತಿಳಿಯಿತು. ಕಾಯಿಲೆ ಮತ್ತೆ ಬಂದಿತ್ತು, 2009ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ರಾತ್ರಿ ನಾನು ಅಳಲಿಲ್ಲ ಅಕ್ಕ. ಲೆಕ್ಕ ಹಾಕಿದೆ. 1987ರಿಂದ 21 ವರ್ಷಕ್ಕೂ ಮೇಲೆ. ಅಷ್ಟು ವರ್ಷವೂ ಅವರು ಕೋಚ್ ಆಗಿಯೇ ಇದ್ದರು. ನನ್ನ ಮಗಳಿಗೆ ಆಗ 8. ಅದಕ್ಕೆ 21 ಕೂಡಿಸಿದೆ. 29 ವರ್ಷದ ಮಗಳು ಹೇಗಿರುತ್ತಾಳೆ ಅಂತ ಯೋಚಿಸುತ್ತಾ ನಿದ್ದೆ ಹೋದೆ. ಆ ತಿಂಗಳಲ್ಲಿ ಚೆನ್ನಾಗಿ ನಿದ್ದೆ ಬಂದದ್ದು ಅವತ್ತೊಂದೇ ದಿನ.

ಕೊನೆಯ ಕೀಮೋಗೆ, 2024ರ ಮಾರ್ಚ್ ಶುರುವಿನಲ್ಲಿ, ಕರೆದುಕೊಂಡು ಹೋದವನು ದಾವಣಗೆರೆಯ ಹುಡುಗ. ಎನ್‌ಸಿ ಸ್ಟೇಟ್‌ನಲ್ಲಿ ಎಂಎಸ್ ಓದುತ್ತಿದ್ದ. ಟೀಮು ಆಗ ಸಾಲಾಗಿ ಸೋಲುತ್ತಿತ್ತು. ಅವನ ಮುಖ ಸಪ್ಪಗಿತ್ತು. ಅವನ ಆಟಗಾರ ಡಿ.ಜೆ. ಬರ್ನ್ಸ್. "ನೂರಿಪ್ಪತ್ತು ಕೆಜಿ ಮೇಲಿದ್ದಾನೆ ಅಕ್ಕ, ಆದರೆ ಪಾದ ನೋಡಿ, ಭರತನಾಟ್ಯದವರ ಥರ ತಿರುಗುತ್ತವೆ" ಅಂದ. ಎಡಗೈಯಲ್ಲಿ ಎಷ್ಟು ಮೃದುವಾಗಿ ಚೆಂಡು ಬಿಡುತ್ತಾನೆ ಅಂತ ಫೋನಿನಲ್ಲಿ ತೋರಿಸಿದ. ಬರ್ನ್ಸ್ ಆಡುವಾಗ ನಗುತ್ತಿದ್ದ. ನಾನು ಮೊದಲು ಗಮನಿಸಿದ್ದು ಅದನ್ನೇ.

ಮುಂದಿನ ವಾರ ನಾನು ಸೋಫಾ ಬಿಟ್ಟು ಏಳಲಾಗದೆ ಮಲಗಿದ್ದೆ. ಬಾಯಿ ಹುಣ್ಣು, ಗಂಜಿಯೂ ಇಳಿಯುತ್ತಿರಲಿಲ್ಲ. ವಾಷಿಂಗ್ಟನ್‌ನಲ್ಲಿ ಎಸಿಸಿ ಟೂರ್ನಿ, ಅಂದರೆ ಎನ್‌ಸಿ ಸ್ಟೇಟ್ ಇರುವ ಕಾಲೇಜುಗಳ ಗುಂಪಿನ ಟೂರ್ನಿ, ಶುರುವಾಯಿತು. ಹತ್ತನೇ ಸ್ಥಾನದ ಟೀಮು ಕಪ್ ಗೆಲ್ಲಬೇಕಾದರೆ ಐದು ದಿನದಲ್ಲಿ ಐದು ಆಟ ಗೆಲ್ಲಬೇಕು. ಲೂಯಿವಿಲ್ ಆಯಿತು, ಸಿರಾಕ್ಯೂಸ್ ಆಯಿತು, ಡ್ಯೂಕ್ ಕೂಡ ಆಯಿತು. ಶುಕ್ರವಾರ ರಾತ್ರಿ ವರ್ಜೀನಿಯಾ ಜೊತೆ. ಅಜ್ಜ, ಬಸ್ಸಿನಮ್ಮ, ಹುಡುಗ ಎಲ್ಲರೂ ನಮ್ಮ ಮನೆಯಲ್ಲೇ. ಮಂಡ್ಯದಲ್ಲಿ ಅದಾಗಲೇ ಬೆಳಗಾಗಿತ್ತು, ಅಮ್ಮ ವಿಡಿಯೊ ಕಾಲ್‌ನಲ್ಲಿದ್ದರು. ಮೂರು ಪಾಯಿಂಟ್ ಹಿಂದೆ, ಸಮಯ ಮುಗಿದೇ ಹೋಗಿತ್ತು ಅನ್ನಿ. ವರ್ಜೀನಿಯಾದವರ ಫ್ರೀ ಥ್ರೋ ತಪ್ಪಿತು. ಮೈಕಲ್ ಓಕಾನಲ್ ಚೆಂಡು ತಗೊಂಡು ಓಡಿ ದೂರದಿಂದ ಎಸೆದ. ಅದು ಬೋರ್ಡಿಗೆ ಬಡಿದು ರಿಂಗಿನ ಮೇಲೆ ಕುಣಿದು ಒಳಗೆ ಬಿತ್ತು. ಅಜ್ಜ ಕೂಗಿದ್ದು ಕೇಳಿ ಅಮ್ಮ, "ಅಯ್ಯೋ, ಏನಾಯ್ತು ಮಗಾ?" ಅಂತ ಗಾಬರಿಯಾದರು. ಏನೂ ಆಗಿಲ್ಲ ಅಮ್ಮ, ಸಮ ಆಯ್ತು ಅಂದೆ. ಓವರ್‌ಟೈಮ್‌ನಲ್ಲಿ ಗೆದ್ದರು. ಮರುದಿನ ಇದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಯುಎನ್‌ಸಿಯನ್ನೂ ಸೋಲಿಸಿದರು. 1987ರ ನಂತರ ಮೊದಲ ಸಲ ಕಪ್.

ಅದೇ ದಿನಗಳಲ್ಲಿ ರಂಜಾನ್. ಫ್ರಾನ್ಸ್‌ನಿಂದ ಬಂದ ಮೊಹಮದ್ ಡಿಯಾರಾ ಉಪವಾಸ ಹಿಡಿದುಕೊಂಡೇ ಆಡುತ್ತಿದ್ದ. ಅದನ್ನು ಕೇಳಿದ ಮೇಲೆ ನಾನು ಒಂದೊಂದು ಚಮಚ ಗಂಜಿ ಕುಡಿಯುವಾಗಲೂ ಅವನು ನೆನಪಾಗುತ್ತಿದ್ದ.

ಮಾರ್ಚ್ 31ಕ್ಕೆ ಬರ್ನ್ಸ್ 29 ಪಾಯಿಂಟ್ ಹೊಡೆದು ಡ್ಯೂಕನ್ನು ಮತ್ತೆ ಸೋಲಿಸಿದ. 1983ರ ನಂತರ ಮೊದಲ ಸಲ ಫೈನಲ್ ಫೋರ್, ಅಂದರೆ ಇಡೀ ದೇಶದ ಟೂರ್ನಿಯಲ್ಲಿ ಕೊನೆಗೆ ಉಳಿಯುವ ನಾಲ್ಕು ಟೀಮುಗಳಲ್ಲಿ ಒಂದು. ಹೆಣ್ಣುಮಕ್ಕಳ ಟೀಮೂ ಅವತ್ತೇ ಫೈನಲ್ ಫೋರ್ ಸೇರಿತು. ಆಮೇಲೆ ಎರಡೂ ಟೀಮು ಸೋತವು. ನಾವು ಅಷ್ಟು ದುಃಖ ಪಡಲಿಲ್ಲ. ನನಗೆ ಮುಂದಿನ ವಾರ ಆಪರೇಷನ್ ಇತ್ತು. ಅಜ್ಜ ತಮ್ಮ ಕೆಂಪು ಟೋಪಿ ತಂದು ನನ್ನ ತಲೆಗೆ ಹಾಕಿದರು. ಅದು ಈಗಲೂ ನನ್ನ ಹತ್ತಿರವೇ ಇದೆ.

ಮೊನ್ನೆ ಫೋನಿನಲ್ಲಿ ಅಜ್ಜ ಕೇಳಿದರು. "ಎಲ್ಲರನ್ನೂ ಕೇಳಿದೆಯಲ್ಲ, ನಿನ್ನ ಆಟಗಾರ ಯಾರು?" ನಾನು ಇಷ್ಟು ದಿನ ಹೇಳಿರಲೇ ಇಲ್ಲ, ಅಲ್ವಾ? ಕ್ರಿಸ್ ಕೊರ್ಚಿಯಾನಿ ಅಜ್ಜ. 1991ರವರೆಗೆ ಆಡಿದವನು. ಅವನ ಜೊತೆಗಾರ ರಾಡ್ನಿ ಮನ್ರೋ 2,551 ಪಾಯಿಂಟ್ ಹೊಡೆದ, ಎನ್‌ಸಿ ಸ್ಟೇಟ್‌ನಲ್ಲಿ ಅಷ್ಟು ಯಾರೂ ಹೊಡೆದಿಲ್ಲ. ಕೊರ್ಚಿಯಾನಿ ಚೆಂಡನ್ನು ಕೊಟ್ಟವನು. ಅವನು ಪಾಸ್ ಕೊಟ್ಟು ಬೇರೆಯವರು ಬಾಸ್ಕೆಟ್ ಹಾಕಿದ್ದು 1,038 ಸಲ. ಅಮೆರಿಕದ ಕಾಲೇಜು ಆಟದಲ್ಲಿ ಸಾವಿರ ದಾಟಿದ ಮೊದಲಿಗ ಅವನೇ. ಅವನ ಆಟವನ್ನು ನಾನು ಹಳೆಯ ವಿಡಿಯೊದಲ್ಲಿ ಮಾತ್ರ ನೋಡಿದ್ದೇನೆ. ಆದರೆ ಆ ಚಳಿಗಾಲದಲ್ಲಿ ನನ್ನ ಮನೆ ಬಾಗಿಲಿಗೆ ಬಂದ ಸಾರು, ಮೊಸರನ್ನ, ಕಾರಿನ ಹಾರ್ನ್, ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದವರು, ಎಲ್ಲ ನೆನೆಸಿಕೊಂಡರೆ ನನಗೆ ಅವನ ಹೆಸರೇ ಬಾಯಿಗೆ ಬರುತ್ತದೆ.

ಅಡುಗೆ ಕಳಿಸಿದವರ ಸ್ಟೀಲ್ ಡಬ್ಬಿಗಳು ಇನ್ನೂ ಹದಿನೇಳು ನಮ್ಮ ಮನೆಯಲ್ಲಿವೆ. ಯಾರದು ಯಾವುದು ಅಂತ ಗೊತ್ತಾಗುತ್ತಿಲ್ಲ. ಈ ಭಾನುವಾರ ಮಧ್ಯಾಹ್ನ ಎಲ್ಲರೂ ಬನ್ನಿ. ಬಿಸಿಬೇಳೆಬಾತ್ ಮಾಡುತ್ತೇನೆ, ಅಜ್ಜನಿಗೆ ಖಾರ ಕಡಿಮೆ. ನಿಮ್ಮ ಡಬ್ಬಿ ಗುರುತು ಹಿಡಿದು ತುಂಬಿಸಿಕೊಂಡು ಹೋಗಿ.