ಭಾನುವಾರದ ಬಂಡೀಪುರ ಸವಾರಿ: ದಯವಿಟ್ಟು ಪೂರ್ತಿ ಓದಿ

ಗೆಳೆಯರೇ, ಭಾನುವಾರ ಬೆಳಿಗ್ಗೆ 5.30ಕ್ಕೆ ಮೈಸೂರಿನಿಂದ ಹೊರಡುತ್ತೇವೆ. ಕಳೆದ ಬಾರಿಯಂತೆ ಒಬ್ಬರಿಗಾಗಿ ಮುಕ್ಕಾಲು ಗಂಟೆ ಕಾಯುವುದಿಲ್ಲ, ಅವರಿಗೆ ಗೊತ್ತು. ತಿಂಡಿ ಗುಂಡ್ಲುಪೇಟೆಯಲ್ಲಿ. ಪೆಟ್ರೋಲ್ ಕೂಡ ಅಲ್ಲಿಯೇ ತುಂಬಿಸಿಕೊಳ್ಳಿ.

ಹಂಗಳದಲ್ಲಿ ಬಲಕ್ಕೆ ತಿರುಗಿ ಮೊದಲು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಬುಡದಲ್ಲಿ ಬೈಕ್ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ ಹತ್ತಬೇಕು. ಬೈಕ್ ಸವಾರಿಗೆ ಬಂದು ಬಸ್ಸೇ ಎಂದು ಗೊಣಗಬೇಡಿ, 1,454 ಮೀಟರ್ ಎತ್ತರದ ಮಂಜು ಎಲ್ಲವನ್ನೂ ಮರೆಸುತ್ತದೆ.

ನಂತರ ಊಟಿ ರಸ್ತೆಯಲ್ಲಿ ಬಂಡೀಪುರ ಕಾಡು. ಇಲ್ಲಿ ನಾನು ನಿಷ್ಠುರ: ನಿಲ್ಲಿಸುವಂತಿಲ್ಲ, ಹಾರ್ನ್ ಇಲ್ಲ, ಸೆಲ್ಫಿ ಇಲ್ಲ, ಜಿಂಕೆಗೆ ಬಿಸ್ಕತ್ತು ಇಲ್ಲ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಂತು, ಅದು ದಾಟಿದ ಮೇಲೆ ಹೊರಡೋಣ. ಸದ್ದು ಮಾಡುವ ಸೈಲೆನ್ಸರ್ ಹಾಕಿಸಿಕೊಂಡವರು ಮನೆಯಲ್ಲಿಯೇ ಇರಬಹುದು.

ಕೆಕ್ಕನಹಳ್ಳದ ತಮಿಳುನಾಡು ಗಡಿಯವರೆಗೆ ಮಾತ್ರ ಹೋಗಿ ಹಿಂದಿರುಗುತ್ತೇವೆ. ಊಟಿಗೆ ಮುಂದುವರಿಯುವವರು ನೀಲಗಿರಿ ಜಿಲ್ಲೆಯ ಇ-ಪಾಸ್ (ವಾಹನ ಪ್ರವೇಶಕ್ಕೆ ಆನ್‌ಲೈನ್ ಅನುಮತಿ) ನಿಯಮವನ್ನು ನೋಡಿಕೊಳ್ಳಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ಸಂಚಾರ ನಿಷೇಧವಿದೆ, ನೆನಪಿರಲಿ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕು. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ಹೆಸರು ಹಾಕಿ. ಹೆಬ್ಬೆರಳಿನ ಚಿತ್ರ ಹಾಕಿದರೆ ಒಪ್ಪಿಗೆ ಎಂದು ಎಣಿಸುವುದಿಲ್ಲ.