ಮುದ್ರೆಯನ್ನು ಮಕ್ಕಳೇ ಕೆತ್ತಲಿ

ಮಾನ್ಯರೆ,

ಬೇಸಿಗೆ ರಜೆ ಬಂತೆಂದರೆ ಊರೂರುಗಳಲ್ಲಿ ಮಕ್ಕಳ ಶಿಬಿರಗಳು ನಡೆಯುತ್ತವೆ; ಶುಭಾಶಯ ಪತ್ರ ತಯಾರಿಕೆ ಅವುಗಳಲ್ಲಿ ಇದ್ದೇ ಇರುತ್ತದೆ. ಕಳೆದ ವರ್ಷ ಅಂಥ ಒಂದು ಶಿಬಿರ ನೋಡಲು ಹೋಗಿದ್ದಾಗ, ಅಂಗಡಿಯಿಂದ ತಂದ ಸಿದ್ಧ ರಬ್ಬರ್ ಮುದ್ರೆಗಳನ್ನು ಮಕ್ಕಳ ಕೈಗೆ ಕೊಟ್ಟು, ಶಾಯಿ ಹಚ್ಚಿ ಒತ್ತಿಸುತ್ತಿದ್ದುದನ್ನು ಕಂಡೆ. ಆ ಮುದ್ರೆಗಳ ಮೇಲಿದ್ದ ಮಾತುಗಳೆಲ್ಲ ಇಂಗ್ಲಿಷಿನವು. ಯುಗಾದಿಯೆಂದಾಗಲಿ ಸಂಕ್ರಾಂತಿಯೆಂದಾಗಲಿ ಬರೆದ ಒಂದು ಮುದ್ರೆಯೂ ಆ ಪೆಟ್ಟಿಗೆಯಲ್ಲಿರಲಿಲ್ಲ. ಹಲವು ವರ್ಷ ಚಿತ್ರಕಲೆ ಕಲಿಸಿದ ನನಗೆ ಇದು ನೋವು ತಂದಿತು. ಏಕೆಂದರೆ ಮುದ್ರೆಯನ್ನು ಸ್ವಂತವಾಗಿ ಕೆತ್ತಿಕೊಳ್ಳಲು ಬೇಕಾದ ಮುಖ್ಯ ವಸ್ತು ಪ್ರತಿ ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲೇ ಇರುತ್ತದೆ.

ಪೆನ್ಸಿಲ್ ಗೆರೆ ಅಳಿಸುವ ಬಿಳಿಯ ಮೆತ್ತನೆಯ ರಬ್ಬರೇ ಆ ವಸ್ತು. ಹೆಸರಿಗೆ ರಬ್ಬರ್ ಆದರೂ ಇಂಥವುಗಳಲ್ಲಿ ಹೆಚ್ಚಿನವು ವಿನೈಲ್ ಪ್ಲಾಸ್ಟಿಕ್ಕಿನಿಂದ ಆದವು. ಹಾಗಾಗಿಯೇ ಅವು ಪುಡಿಯಾಗದೆ ಬೆಣ್ಣೆಯಂತೆ ನುಣುಪಾಗಿ ಕತ್ತರಿಸಲು ಬರುತ್ತವೆ. ಕೆತ್ತಲು ಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಲಿನೋ ಉಳಿ, ಅಂದರೆ ಅಚ್ಚು ಕೆತ್ತುವ ಪುಟ್ಟ ಉಳಿ, ಸಾಕು: ಗೆರೆಯ ಅಂಚು ತೆಗೆಯಲು ಚೂಪು ಬಾಯಿಯದು ಒಂದು, ಬಯಲು ಜಾಗ ತೆರವು ಮಾಡಲು ದುಂಡು ಬಾಯಿಯದು ಇನ್ನೊಂದು.

ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಬೇಕಲ್ಲ, ಮಕ್ಕಳಿಗೆ ಅದು ಹೇಗೆ ಸಾಧ್ಯ ಎಂದು ಶಿಕ್ಷಕರೇ ನನ್ನನ್ನು ಕೇಳಿದ್ದುಂಟು. ತಿರುಗಿಸಿ ಬರೆಯುವ ಅಗತ್ಯವೇ ಇಲ್ಲ. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ನೇರವಾಗಿಯೇ ಬರೆದು, ಬರೆದ ಬದಿಯನ್ನು ರಬ್ಬರಿನ ಮೇಲೆ ಕವುಚಿಟ್ಟು, ಬೆನ್ನ ಕಡೆಯಿಂದ ಉಗುರಿನಲ್ಲಿ ಉಜ್ಜಿದರೆ ಪೆನ್ಸಿಲ್ ಗೆರೆ ತಾನಾಗಿಯೇ ತಿರುವುಮುರುವಾಗಿ ಅಂಟಿಕೊಳ್ಳುತ್ತದೆ. ಆ ಗೆರೆಯನ್ನು ಉಳಿಸಿ ಸುತ್ತಲಿನ ಜಾಗವನ್ನು ಕೆತ್ತಿ ಒತ್ತಿದಾಗ ಮತ್ತೆ ನೇರವಾಗುತ್ತದೆ. ಮೊದಲ ಪ್ರತಿಯಲ್ಲಿ ತನ್ನ ಹೆಸರು ಸರಿಯಾಗಿ ಮೂಡಿದ್ದನ್ನು ಕಂಡ ಮಗುವಿನ ಮುಖವನ್ನು ನೋಡಿದವರು ಈ ಪಾಠವನ್ನು ಮರೆಯಲಾರರು.

ಕನ್ನಡ ಲಿಪಿಯನ್ನು ಕೆತ್ತುವುದಕ್ಕೆ ತನ್ನದೇ ಆದ ಹದವಿದೆ. ನಮ್ಮ ಅಕ್ಷರಗಳು ದುಂಡಗಿನವು. ಆದ್ದರಿಂದ ತಿರುವು ಬಂದಾಗಲೆಲ್ಲ ಉಳಿಯನ್ನು ಹೊರಳಿಸದೆ, ಉಳಿ ಹಿಡಿದ ಕೈಯನ್ನು ಸ್ಥಿರವಾಗಿಟ್ಟು ರಬ್ಬರನ್ನೇ ನಿಧಾನವಾಗಿ ತಿರುಗಿಸಬೇಕು. ಗೆರೆಯ ಬುಡವನ್ನು ಒಳಕ್ಕೆ ಕೊರೆಯದೆ, ಇಳಿಜಾರಾಗಿ ಬಿಡಬೇಕು. ಬುಡ ಸಣ್ಣಗಾದ ಗೆರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಬಾಗಿ ಕಿತ್ತುಬರುತ್ತದೆ. ಹೊಟ್ಟೆ ಸೀಳುವ ಅಕ್ಷರಗಳಲ್ಲಂತೂ ಹೆಚ್ಚಿನ ಎಚ್ಚರ ಬೇಕು. ‘ಭ’ದ ಕೆಳಗಿನ ಪುಟ್ಟ ಗೆರೆ ಉಳಿ ತುಸು ಜಾರಿದರೂ ಹಾರಿಹೋಗಿ, ಶುಭಾಶಯವು ‘ಶುಬಾಶಯ’ವಾಗಿಬಿಡುತ್ತದೆ. ಹೀಗೆ ಒಮ್ಮೆ ಕೆಡಿಸಿಕೊಂಡ ಮಗು ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನು ನೂರು ಸಲ ಕಾಪಿ ಬರೆದದ್ದಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಮೊದಲ ಪ್ರಯತ್ನಕ್ಕೆ ಒತ್ತಕ್ಷರವಿಲ್ಲದ ‘ಯುಗಾದಿ’ಯೇ ಒಳ್ಳೆಯದು, ಮೂರೇ ಅಕ್ಷರ, ಒಂದು ರಬ್ಬರಿನಲ್ಲಿ ಹಿಡಿಯುತ್ತದೆ.

ಒತ್ತುವಾಗ ಮುದ್ರೆಯನ್ನು ಶಾಯಿಯ ಪ್ಯಾಡಿಗೆ ಅದುಮುವ ಬದಲು, ಮುದ್ರೆಯನ್ನು ಮೇಲ್ಮುಖವಾಗಿ ಹಿಡಿದು ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಿದರೆ ಶಾಯಿ ಗುಳಿಗಳಿಗೆ ಇಳಿಯುವುದಿಲ್ಲ. ಕಚೇರಿಯ ನೇರಳೆ ಶಾಯಿ ಹೊಳಪಿನ ಕಾರ್ಡಿನ ಮೇಲೆ ಬೇಗ ಒಣಗದೆ ಕೈಗೆ ಮೆತ್ತಿಕೊಳ್ಳುತ್ತದೆ. ಹೊಳಪಿಲ್ಲದ ಡ್ರಾಯಿಂಗ್ ಕಾಗದ ಇದಕ್ಕಿಂತ ಮೇಲು. ಅಂಚೆ ಕಾರ್ಡಿನ ಮೇಲೂ ಮುದ್ರೆ ಅಂದವಾಗಿ ಮೂಡುತ್ತದೆ. ಬಳಸಿದ ಮುದ್ರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಾಗದದಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೆಯೇ ಇಟ್ಟರೆ ವಿನೈಲ್ ರಬ್ಬರ್ ಅದಕ್ಕೆ ಅಂಟಿಕೊಳ್ಳುವುದುಂಟು.

ಉಳಿ ಹರಿತವಾದದ್ದೆಂಬುದು ನಿಜ, ಆ ಕಾರಣಕ್ಕೆ ಹಿಂಜರಿಯುವ ಸಂಘಟಕರನ್ನು ನಾನು ತಪ್ಪೆನ್ನಲಾರೆ. ಚಿಕ್ಕ ಮಕ್ಕಳಿಗೆ ಕತ್ತರಿಸಿಕೊಟ್ಟ ಬೆಂಡೆಕಾಯಿಯ ಹೂವಿನಚ್ಚೇ ಸಾಕು. ಹೈಸ್ಕೂಲಿನ ಮಕ್ಕಳಿಗೆ, ಉಳಿ ಸದಾ ಮೈಯಿಂದ ಆಚೆಗೆ ಸಾಗಬೇಕು, ರಬ್ಬರ್ ಹಿಡಿದ ಕೈ ಎಂದೂ ಉಳಿಯ ಮುಂದಿರಬಾರದು ಎಂಬ ಎರಡು ನಿಯಮಗಳನ್ನು ಕಟ್ಟುನಿಟ್ಟಾಗಿ ಕಲಿಸಿ, ಎಂಟು ಹತ್ತು ಮಕ್ಕಳಿಗೆ ಒಬ್ಬ ಹಿರಿಯರಂತೆ ಕೂರಿಸಿದರೆ ಧೈರ್ಯವಾಗಿ ಉಳಿ ಕೊಡಬಹುದು. ಗಂಧದ ಮರದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಬಿಡಿಸುವ ಗುಡಿಗಾರರ ಸೀಮೆ ನಮ್ಮದು. ಉಳಿಯನ್ನು ಕಂಡರೆ ಹೆದರುವ ಮಕ್ಕಳನ್ನು ನಾವು ಬೆಳೆಸಬಾರದು.

ತಮ್ಮಲ್ಲಿ ಒಂದು ವಿನಂತಿಯಿದೆ. ಹಬ್ಬಗಳಿಗೆ ಎರಡು ಮೂರು ವಾರ ಮೊದಲು, ತಮ್ಮ ಮಕ್ಕಳ ಪುಟದ ಒಂದು ಮೂಲೆಯಲ್ಲಿ ಆಯಾ ಹಬ್ಬದ ಹೆಸರನ್ನೂ ಮಾವಿನೆಲೆ, ಕಬ್ಬಿನ ಜಲ್ಲೆ, ಹಣತೆಯಂಥ ಒಂದು ಚಿತ್ರವನ್ನೂ ದಪ್ಪ ಗೆರೆಯಲ್ಲಿ, ರಬ್ಬರಿನ ಅಳತೆಗೆ ಸರಿಯಾಗಿ, ಅಂದರೆ ಸುಮಾರು 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದೊಳಗೆ ಅಚ್ಚು ಹಾಕಿಸಿ. ತಿರುಗಿಸಿ ಮುದ್ರಿಸಬೇಕಾಗಿಲ್ಲ, ಅದನ್ನು ಮಕ್ಕಳೇ ಟ್ರೇಸಿಂಗ್ ಕಾಗದದಲ್ಲಿ ತಿರುಗಿಸಿಕೊಳ್ಳುತ್ತಾರೆ.

ನಿವೃತ್ತ ಚಿತ್ರಕಲಾ ಶಿಕ್ಷಕಿ, ಸಾಗರ